ಎರಡು ದಿನದ ನುಚ್ಚು

ಪ್ಲೇಗಿನ ಮಾತು ಬಂದಾಗಲೆಲ್ಲ ಓದಿದವರು ಒಂದೇ ರಾಗ ಹಾಡುತ್ತಾರೆ. ಹಿಂದಿನ ಹೆಂಗಸರಿಗೆ ತಿಳಿವಳಿಕೆ ಇರಲಿಲ್ಲವಂತೆ, ಸೂಜಿ ಕಂಡರೆ ಓಡುತ್ತಿದ್ದರಂತೆ, ದೇವರ ಮೇಲೆ ಭಾರ ಹಾಕಿ ಕೂತುಬಿಡುತ್ತಿದ್ದರಂತೆ. ಮೊದಮೊದಲು ನಾನು ವಾದಕ್ಕೆ ನಿಲ್ಲುತ್ತಿದ್ದೆ. ಈಗ ಸಾಕಾಗಿದೆ. ಹೂಂ ಎಂದು ಎದ್ದು ಒಳಗೆ ಹೋಗಿಬಿಡುತ್ತೇನೆ. ನಮ್ಮ ಮನೆಯಲ್ಲಿ ಸೂಜಿ ಮಾಡಿಸಿಕೊಳ್ಳದೆ ಉಳಿದವಳು ಒಬ್ಬಳೇ. ಅವಳನ್ನು ತಡೆದದ್ದು ದೇವರೂ ಅಲ್ಲ, ದೆವ್ವವೂ ಅಲ್ಲ. ಅವಳಿಗೆ ರೊಟ್ಟಿ ಬಡಿಯುವುದಿತ್ತು. ಹೀಗೆಂದರೆ ಕೇಳಿದವರು ನಗುತ್ತಾರೆ. ಅದಕ್ಕೇ ಹೇಳುವುದನ್ನು ಬಿಟ್ಟು ಬರೆಯಲು ಕೂತಿದ್ದೇನೆ.

ಯುದ್ಧ ನಡೆದಿದ್ದ ವರ್ಷಗಳವು. ನಾನು ಮದುವೆಯಾಗಿ ವಿಜಾಪುರದಿಂದ ತಿಕೋಟಾಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನನ್ನ ತವರು ಸೊಲ್ಲಾಪುರ ರಸ್ತೆಯ ಮೇಲೆ. ಅಪ್ಪನದು ಹಗ್ಗ, ಬಾರುಕೋಲು ಮಾರುವ ಸಣ್ಣ ಅಂಗಡಿ. ಉಣ್ಣುವ ಬಾಯಿ ನಾಲ್ಕು. ಅಷ್ಟಕ್ಕೆ ಸಾಲುವಷ್ಟು ರೊಟ್ಟಿ ನನಗೆ ಬರುತ್ತಿತ್ತು. ಗಂಡನ ಮನೆಯ ಲೆಕ್ಕ ಬೇರೆ. ಅಲ್ಲಿ ಮಾವ, ಅತ್ತೆ, ಹಿರಿಯ ಭಾವ, ಅವರ ಹೆಂಡತಿ, ನಮ್ಮ ಮನೆಯವರು, ನಾನು. ಇದರ ಮೇಲೆ ವರ್ಷದ ಆಳುಗಳು, ಬಂದವರು, ಹೋದವರು. ಬೆಳಿಗ್ಗೆ ಬುಟ್ಟಿ ತುಂಬಿದರೆ ಸಂಜೆಗೆ ಖಾಲಿ, ಸಂಜೆ ತುಂಬಿದರೆ ಬೆಳಿಗ್ಗೆಗೆ ಖಾಲಿ.

ಆ ಬುಟ್ಟಿ ತುಂಬುತ್ತಿದ್ದವಳು ಭಾವನ ಹೆಂಡತಿ. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ನನಗಿಂತ ಹತ್ತು-ಹನ್ನೆರಡು ವರ್ಷ ದೊಡ್ಡವಳು. ಮಕ್ಕಳಿರಲಿಲ್ಲ. ಅತ್ತೆಗೆ ಹೊಗೆಯಿಂದ ಕಣ್ಣು ಮಂಜಾಗಿ ಒಲೆ ಬಿಟ್ಟ ಮೇಲೆ ಆ ಒಲೆ ಅಕ್ಕನದಾಗಿತ್ತು. ಅವಳು ಬಡಿದ ರೊಟ್ಟಿ ಹಂಚಿನಷ್ಟಗಲ, ಎಲೆಯಷ್ಟು ತೆಳುವು. ಬಲಗೈ ಬಡಿಯುತ್ತಿತ್ತು, ಎಡಗೈ ತಿರುಗಿಸುತ್ತ ಅಂಚು ಕಾಯುತ್ತಿತ್ತು, ಕಣ್ಣು ಮಾತ್ರ ನನ್ನ ಮೇಲೆ, ಬಾಯಿ ತುಂಬ ಚೇಷ್ಟೆ. ನಾನು ಬಡಿದ ಮೊದಲ ರೊಟ್ಟಿಯನ್ನು ಎತ್ತಿ ಹಿಡಿದು ಕೇಳಿದ್ದಳು: “ಇದೇನ ಬೇ ತಂಗಿ, ರೊಟ್ಟಿನೋ, ಎಮ್ಮಿ ಕಿವಿನೋ?”

ನನಗೆ ಅಳು ಬಂದಿತ್ತು. ಅವಳು ಅದನ್ನೇ ಮುರಿದು, ತನ್ನ ತಾಟಿಗೆ ಹಾಕಿಕೊಂಡು, ಪುಂಡಿಪಲ್ಲೆ ಹಚ್ಚಿ ಉಂಡಿದ್ದಳು.

ಇನ್ನೊಂದು ಮಾತನ್ನು ಮೊದಲೇ ಹೇಳಬೇಕು. ಆ ಮನೆಯಲ್ಲಿ ಸೊಸೆಯಂದಿರು ಮಾವನೊಂದಿಗೆ ನೇರ ಮಾತಾಡುವ ಪದ್ಧತಿ ಇರಲಿಲ್ಲ. ನಮ್ಮ ಮಾತು ಅತ್ತೆಯ ಬಾಯಿಂದ ಅವರಿಗೆ ಹೋಗಬೇಕು, ಅವರ ಮಾತು ಅತ್ತೆಯ ಬಾಯಿಂದ ನಮಗೆ ಬರಬೇಕು. ಒಂದೇ ಪಡಸಾಲೆಯಲ್ಲಿದ್ದು, ಒಬ್ಬರ ಮಾತು ಒಬ್ಬರಿಗೆ ನೆಟ್ಟಗೆ ಕೇಳಿಸುತ್ತಿದ್ದರೂ ಅಷ್ಟೇ. ಅತ್ತೆ ಅದನ್ನು ಇನ್ನೊಮ್ಮೆ ಹೇಳುವ ತನಕ ನಾವು ಕಿವುಡರ ಹಾಗೆ ನಿಂತಿರಬೇಕು. ಮೊದಲು ನನಗೆ ನಗು ಬರುತ್ತಿತ್ತು. ಆಮೇಲೆ ರೂಢಿಯಾಯಿತು.

ಆ ಚಳಿಗಾಲ ಊರಲ್ಲಿ ಇಲಿ ಸತ್ತು ಬಿದ್ದವು. ಮೊದಲು ಪೇಟೆಯ ಕಡೆ, ಆಮೇಲೆ ನಮ್ಮ ಓಣಿಯಲ್ಲಿ. ಇಲಿ ಬಿದ್ದರೆ ಊರು ಬಿಡಬೇಕು. ಇದು ನಮ್ಮತ್ತೆಯ ಕಾಲದಿಂದಲೂ ಎಲ್ಲರಿಗೂ ಗೊತ್ತು. ಮನೆಗೆ ಕೀಲಿ ಹಾಕಿ, ಎರಡು ಚೀಲ ಜೋಳ, ಪಾತ್ರೆ, ಹಾಸಿಗೆ, ಬೀಸುಕಲ್ಲು ಗಾಡಿಯಲ್ಲಿ ಹೇರಿಕೊಂಡು ಬಿಜ್ಜರಗಿ ದಾರಿಯ ನಮ್ಮ ಹೊಲಕ್ಕೆ ಹೋದೆವು. ತೊಗರಿ ಕಟ್ಟಿಗೆಯ ತಟ್ಟಿ ಕಟ್ಟಿ, ಮೇಲೆ ಜೋಳದ ಕಣಿಕೆ ಹೊದಿಸಿ ಜೋಪಡಿ ಮಾಡಿದರು. ನಮ್ಮ ಮಗ್ಗುಲಲ್ಲಿ ಒಂದು ಪಿಂಜಾರರ ಕುಟುಂಬ ಜೋಪಡಿ ಹಾಕಿತು. ಗಂಡ ಹತ್ತಿ ಹಿಂಜುವವನು, ಹೆಂಡತಿಯನ್ನು ನಾವು ಚಾಚಿ ಎನ್ನುತ್ತಿದ್ದೆವು. ತಟ್ಟಿಯ ಸಂದಿಯಲ್ಲಿ ಅವರ ಮಾತು ನಮಗೆ, ನಮ್ಮ ಮಾತು ಅವರಿಗೆ.

ವಿಜಾಪುರದಿಂದ ಸೂಜಿ ಡಾಕ್ಟರು ಮೋಟಾರಿನಲ್ಲಿ ಬಂದರು. ಮೊದಲ ಸಲ ಯಾರೂ ಹತ್ತಿರ ಸುಳಿಯಲಿಲ್ಲ. ಮೊದಲು ಓಡಿದವರು ಹೆಂಗಸರಲ್ಲ, ಗಂಡಸರು! ತೋಳಿನ ಮೇಲೆ ಗುರುತು ಮಾಡಿ ಆಮೇಲೆ ಫೌಜಿಗೆ ಹಿಡಿದೊಯ್ಯುತ್ತಾರೆ ಎಂದು ಯಾರೋ ಹಬ್ಬಿಸಿದ್ದರು. ನಮ್ಮ ಭಾವ ಅವತ್ತಿಡೀ ದಿನ ಜೋಳದ ಬೆಳೆಯೊಳಗೆ ಅಡಗಿ ಕೂತಿದ್ದರು. ಅವರಿಗೆ ಬುತ್ತಿ ಮುಟ್ಟಿಸಿ ಬಂದವಳು ಅಕ್ಕ. ಇದನ್ನು ಯಾವ ಓದಿದವರೂ ಎಲ್ಲೂ ಬರೆಯುವುದಿಲ್ಲ.

ಆಮೇಲೆ ಆಚೆ ಹೊಲದಲ್ಲಿದ್ದ ಒಬ್ಬ ಗಟ್ಟಿಮುಟ್ಟಾದ ಮನುಷ್ಯ ಜ್ವರ ಬಂದು, ಬಗಲಲ್ಲಿ ಗಡ್ಡೆ ಎದ್ದು ಸತ್ತ. ಸೂಜಿ ಡಾಕ್ಟರು ಎರಡನೆಯ ಸಲ ಬಂದಾಗ ಗಂಡಸರೆಲ್ಲ ಅಂಗಿ ಕಳಚಿ ಸಾಲು ಹಿಡಿದರು. ಆ ಸೂಜಿ ಸುಮ್ಮನೆ ಹೋಗುವಂಥದಲ್ಲ. ತೋಳು ಬಾತು ಕೆಂಪಾಗುತ್ತಿತ್ತು, ಮೈ ಸುಡುತ್ತಿತ್ತು, ಎರಡು ದಿನ ಕೈ ಎತ್ತಲು ಆಗುತ್ತಿರಲಿಲ್ಲ. ಮಾವ, ಭಾವ, ನಮ್ಮ ಮನೆಯವರು ಮೂವರೂ ಮಗ್ಗುಲು ಮಗ್ಗುಲಾಗಿ ಮಲಗಿ ನರಳಿದರು. ಅಕ್ಕ ಅವರಿಗೆ ಮಲಗಿದಲ್ಲಿಗೇ ರೊಟ್ಟಿ, ಹಾಲು ಮುಟ್ಟಿಸಿದಳು. ಭಾವನಿಗೆ ತುತ್ತು ಮುರಿದೂ ಕೊಟ್ಟಳು.

ಮುಂದಿನ ಸಲ ಹೆಂಗಸರ ಸರದಿ. ಆಗ ಅತ್ತೆ ಒಂದು ಮಾತು ತೆಗೆದರು.

“ಎಲ್ಲಾರೂ ಒಮ್ಮಿಗೇ ಮಲಗಿದ್ರ ಒಲಿ ಯಾರ ನೋಡ್ತಾರ? ಪಾಳಿ ಹಚ್ಚೂಣು. ಮೊದಲ ನಾನು, ಸಣ್ಣಾಕಿ ಮಾಡಿಸ್ಕೋತೀವಿ. ಹಿರಿಯಾಕಿ ಮುಂದಿನ ಸಲಾ ಮಾಡಿಸ್ಕೋಳಿ.”

ಮಾತು ಸರಿಯಾಗಿಯೇ ಇತ್ತು. ಕೆಟ್ಟ ಮನಸ್ಸಿನಿಂದ ಆಡಿದ್ದೂ ಅಲ್ಲ. ನಾನು ಎರಡು ದಿನ ಮಲಗಿದೆ. ತೋಳು ಎಷ್ಟು ನೋಯುತ್ತಿತ್ತೆಂದರೆ ಸೆರಗು ಸರಿಮಾಡಿಕೊಳ್ಳಲೂ ಅಕ್ಕನೇ ಬರಬೇಕಾಯಿತು. ಸೂಜಿ ಹಾಕಿದ ದಿನ ಡಾಕ್ಟರು ಹೊರಡುವ ಮೊದಲು ಅಕ್ಕನನ್ನು ನೋಡಿ, “ನೀವೂ ಬರ್ರಿ ತಾಯಿ. ಎಡತೋಳಿಗೆ ಮಾಡತೀನಿ. ಬಲಗೈ ನಿಮಗ ಉಳೀತದ” ಎಂದಿದ್ದರು.

“ಎಡಗೈ ನಿಮ್ಮ ಮನಿಗೆ ಒಯ್ತೀರೇನ್ರಿ?” ಎಂದಳು ಅಕ್ಕ. ಡಾಕ್ಟರು ನಕ್ಕರು. ಸುತ್ತ ನಿಂತವರೂ ನಕ್ಕರು. ಮಾತು ಅಲ್ಲಿಗೇ ಮುಗಿಯಿತು. ಆದರೆ ಅವಳು ಹೇಳಿದ್ದು ತಮಾಷೆಯಾಗಿರಲಿಲ್ಲ. ಒಂದೇ ಕೈಯಲ್ಲಿ ರೊಟ್ಟಿ ಬಡಿದವರನ್ನು ನಾನು ಇವತ್ತಿನ ತನಕ ಕಂಡಿಲ್ಲ.

ಅವಳ ಪಾಳಿ ಬರುವ ಹೊತ್ತಿಗೆ ಜೋಳ ಕೊಯ್ಲಿಗೆ ಬಂತು. ಕನಮಡಿಯಿಂದ ಕೊಯ್ಯುವ ಆಳುಗಳು ಬಂದಿಳಿದರು. ಅವರಿಗೆ ಮೂರು ಹೊತ್ತು ಊಟ ನಮ್ಮದೇ. ಡಾಕ್ಟರು ನಾಳೆ ಬರುತ್ತಾರೆ ಎಂದು ಸುದ್ದಿ ಬಂದ ದಿನ ನಾನು ಅತ್ತೆಗೆ ಹೇಳಿದೆ, ಎರಡು ದಿನ ಒಲೆ ನಾನು ನೋಡಿಕೊಳ್ಳುತ್ತೇನೆ, ಅಕ್ಕ ಸೂಜಿ ಮಾಡಿಸಿಕೊಳ್ಳಲಿ ಎಂದು. ಅತ್ತೆ ಒಪ್ಪಿದರು. ಪರೀಕ್ಷೆಗೆಂದು ಅವತ್ತು ಸಂಜೆ ರೊಟ್ಟಿ ನಾನೇ ಬಡಿದೆ. ಅಕ್ಕ ಕೈ ಕಟ್ಟಿ ಮಗ್ಗುಲಲ್ಲಿ ಕೂತಳು. ಆ ಮನೆಗೆ ಬಂದ ಮೇಲೆ ಅವಳು ಹಾಗೆ ಕೂತದ್ದು ಅದೇ ಮೊದಲಿರಬೇಕು.

ಬೆವರು ಸುರಿಸಿ ಬುಟ್ಟಿ ತುಂಬಿದೆ. ದಪ್ಪ ಇದ್ದವು, ಅಂಚು ಹರಿದಿದ್ದವು, ಒಂದೆರಡು ಸೀದಿದ್ದವು. ಆದರೆ ಜೋಳದ ರೊಟ್ಟಿಗಳೇ, ಮಣ್ಣಿನವಲ್ಲ. ಭಾವ ಒಂದನ್ನು ಎತ್ತಿ ದೀಪಕ್ಕೆ ಹಿಡಿದು ನೋಡಿದರು. ಕನಮಡಿಯ ಆಳುಗಳು ಮುಖ ಮುಖ ನೋಡಿಕೊಂಡರು. ಮಾವ ಅರ್ಧ ಉಂಡು ತಾಟು ಸರಿಸಿ, ಹಾಲು ಕೇಳಿದರು. ಸ್ವಲ್ಪ ಹೊತ್ತಿಗೆ ಅತ್ತೆ ಒಳಗೆ ಬಂದು, ನಮ್ಮ ಕಿವಿಗೆ ಆಗಲೇ ಬಿದ್ದಿದ್ದ ಮಾತನ್ನು ಇನ್ನೊಮ್ಮೆ ಹೇಳಿದರು: “ನಾಳಿಂದ ಹಿರಿಯಾಕಿನ ಬಡೀಲಿ ಅಂದಾರ.”

ಆಗ ಅಕ್ಕನ ಮುಖದ ಮೇಲೆ ಒಂದು ಸಣ್ಣ ಸಂತೋಷ ಬಂದು ಹೋಯಿತು. ನಾನು ನೋಡಿದೆ. ನನ್ನ ರೊಟ್ಟಿ ಕೆಟ್ಟಿದ್ದಕ್ಕೆ ಖುಷಿ ಪಟ್ಟಳೆಂದಲ್ಲ. ತಾನಿಲ್ಲದೆ ಈ ಮನೆ ನಡೆಯುವುದಿಲ್ಲ ಎಂಬ ಖುಷಿ. ಅವಳಿಗೆ ಇದ್ದ ಮರ್ಯಾದೆ ಅದೊಂದೇ, ಅದನ್ನು ಬಿಟ್ಟುಕೊಡಲು ಅವಳಿಗೂ ಮನಸ್ಸಿರಲಿಲ್ಲ. ಅದಕ್ಕಾಗಿ ನನಗೆ ಅವಳ ಮೇಲೂ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ.

ತಟ್ಟಿಯಾಚೆ ಇದನ್ನೆಲ್ಲ ಕೇಳಿಸಿಕೊಂಡಿದ್ದ ಚಾಚಿ ಮರುದಿನ ಬೆಳಿಗ್ಗೆ ನೀರಿಗೆ ಹೋಗುವಾಗ ಜತೆಯಾದಳು. ಅವಳೂ ಹಿಂದಿನ ಸಲ ಸೂಜಿ ಮಾಡಿಸಿಕೊಂಡಿದ್ದಳು.

“ರೊಟ್ಟಿ ಯಾಕ ಬೇಕ ಬೇ? ನಾ ಮಲಗಿದಾಗ ನಮ್ಮವರು ಎರಡ ದಿನಾ ಖಿಚಡಿ ಮಾಡಿ ಹಾಕಿದ್ರು. ಉಪ್ಪ ಹೆಚ್ಚಾಗಿತ್ತು. ಉಂಡೀವಿ, ಬದುಕೇವಿ” ಎಂದಳು.

ನನಗೆ ಥಟ್ಟನೆ ಹೊಳೆಯಿತು. ಖಿಚಡಿ ಯಾಕೆ, ನುಚ್ಚು ಮಾಡಿದರಾಯಿತಲ್ಲ! ಜೋಳ ಒಡೆದು ಗಡಿಗೆಗೆ ಹಾಕಿ ಕುದಿಸಿದರೆ ಮುಗಿಯಿತು, ಬಡಿಯುವುದೂ ಇಲ್ಲ, ಹಂಚಿನ ಮೇಲೆ ಸುಡುವುದೂ ಇಲ್ಲ. ಮಜ್ಜಿಗೆ ಕಲಸಿ ಕೊಟ್ಟರೆ ಹೊಟ್ಟೆಗೂ ತಂಪು. ನನ್ನಂಥವಳಿಗೂ ಬರುವ ಅಡುಗೆ. ಓಡಿ ಬಂದು ಅತ್ತೆಗೆ ಹೇಳಿದೆ. ಅತ್ತೆ ಹೊರಗೆ ಹೋಗಿ ಮಾವನಿಗೆ ಹೇಳಿದರು. ತಟ್ಟಿಯ ಹಿಂದೆ ನಾನು, ಅಕ್ಕ ನಿಂತು ಕೇಳಿದೆವು.

“ಸುಗ್ಗ್ಯಾಗ ಆಳಿಗೆ ನುಚ್ಚ ಹಾಕೂದ?” ಎಂದರು ಮಾವ. “ನುಚ್ಚ ಬ್ಯಾನಿ ಬಿದ್ದವ್ರಿಗೆ. ದುಡ್ಯಾವ್ರಿಗೆ ರೊಟ್ಟಿ ಬೇಕು. ಕನಮಡಿ ಮಂದಿ ಊರಿಗೆ ಹೋಗಿ ಹೇಳ್ಕೊಂಡ ನಗತಾವ. ಸೂಜಿ ಎಲ್ಲೀ ಹೋಗತೈತಿ? ಮುಂದಿನ ಸಲಾ ಮಾಡಿಸ್ಕೋಳಿ.”

ಅವರು ಕಟುಕರಲ್ಲ. ನನಗೆ ಜ್ವರ ಬಂದಾಗ ತಾವೇ ದನದ ಹಾಲು ಕರೆದು ಕಳಿಸಿದವರು. ಸೂಜಿ ಬೇಡ ಎಂದೂ ಅವರು ಅನ್ನಲಿಲ್ಲ. ಇದೇ ನನ್ನನ್ನು ಇಷ್ಟು ವರ್ಷ ದಣಿಸಿದ್ದು. ಬೇಡ ಎಂದವರೊಂದಿಗೆ ಜಗಳವಾದರೂ ಆಡಬಹುದು. ಮುಂದಿನ ಸಲ ಎಂದವರೊಂದಿಗೆ ಏನು ಆಡುವುದು?

ಅವತ್ತು ಮೋಟಾರು ಬಂತು, ಹೋಯಿತು. ಅಕ್ಕ ಒಲೆಯ ಮುಂದಿನಿಂದ ಏಳಲಿಲ್ಲ.

ಕೊಯ್ಲು ಮುಗಿದು ಕನಮಡಿಯವರು ಹೋದ ಮೇಲೆ ಬಬಲೇಶ್ವರದಿಂದ ಅಕ್ಕನ ಅಣ್ಣ ಬಂದ. ಅದು ಅವಳ ತವರು. ಸೂಜಿ ಡಾಕ್ಟರು ಈಗ ಆ ಕಡೆ ತಿರುಗಿದ್ದಾರೆ, ಈ ವಾರ ಮುಗಿಯುವ ತನಕ ಅಲ್ಲೇ ಇರುತ್ತಾರೆ, ತಂಗಿಯನ್ನು ಕಳಿಸಿಕೊಡಿ ಎಂದ. ಅಕ್ಕನ ಮುಖ ಅರಳಿತು. ಗಂಡನ ಮನೆಯಲ್ಲಿ ತೋಳು ಬಾತು ಮಲಗುವುದು ಬೇರೆ, ತವರಿನಲ್ಲಿ ಅವ್ವನ ಕೈಯಲ್ಲಿ ಉಂಡು ಮಲಗುವುದು ಬೇರೆ. ಮಾವ ಹೂಂ ಎಂದರು. ಅಣ್ಣ ಅಂದೇ ಗಾಡಿ ಕಟ್ಟಲು ತಯಾರಿದ್ದ. ನಾನು ಅವಳ ಸೀರೆ ಮಡಚಿ ಗಂಟು ಕಟ್ಟತೊಡಗಿದೆ.

ಅಕ್ಕ ಗಂಟು ಬಿಚ್ಚಿಟ್ಟಳು.

“ಹಂಗ ಹ್ಯಾಂಗ ಬರಲಿ? ಇವ್ರಿಗೆ ರೊಟ್ಟಿ ಮಾಡಿಟ್ಟ ಬರತೇನಿ. ಎರಡ-ಮೂರ ದಿನಾ ತಡಿ. ಮೈದುನ ತಂದ ಬಿಡ್ತಾನ” ಎಂದು ಅಣ್ಣನನ್ನು ಕಳಿಸಿಬಿಟ್ಟಳು.

ನಮ್ಮ ಕಡೆ ಹೆಂಗಸು ಊರಿಗೆ ಹೊರಟರೆ, ತಾನಿಲ್ಲದ ದಿನಗಳಿಗೆ ಸಾಲುವಷ್ಟು ಖಡಕ್ ರೊಟ್ಟಿ ಬಡಿದಿಟ್ಟೇ ಹೋಗಬೇಕು. ತೆಳ್ಳಗೆ ಬಡಿದು, ಹಂಚಿನ ಮೇಲೆ ಒಣಗಿಸಿ, ಒಂದರ ಮೇಲೊಂದು ಇಟ್ಟರೆ ವಾರಗಟ್ಟಲೆ ಇರುತ್ತವೆ. ಹಾಗೆ ಮಾಡಿ ಹೋಗೆಂದು ಅವಳಿಗೆ ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ನಾನು ಹೇಳಿದೆ, “ಯಕ್ಕಾ, ಸುಮ್ಮ ಹೋಗಬೇ, ನಾ ಏನರ ಮಾಡಿ ಹಾಕತೇನಿ.” ಅವಳು, “ನೀ ಮಾಡಿದ್ದ ಉಂಡು ಇವ್ರು ಪ್ಲೇಗಿಗಿಂತಾ ಮೊದಲ ಹೋಗ್ತಾರ” ಎಂದು ನಕ್ಕಳು.

ಜೋಪಡಿಯಲ್ಲಿದ್ದ ಜೋಳ ಕನಮಡಿಯವರ ಹೊಟ್ಟೆ ಸೇರಿತ್ತು. ಹೊಸ ಜೋಳದ ರಾಶಿ ಇನ್ನೂ ಆಗಿರಲಿಲ್ಲ. ಉಳಿದ ಚೀಲ ಊರೊಳಗಿನ ಮನೆಯಲ್ಲಿತ್ತು, ಕೀಲಿ ಹಾಕಿದ, ಇಲಿ ಬಿದ್ದ ಆ ಮನೆಯಲ್ಲಿ. ಮಧ್ಯಾಹ್ನ ನಾನು ದನಕ್ಕೆ ನೀರು ಕುಡಿಸಿ ಬರುವಷ್ಟರಲ್ಲಿ ಅಕ್ಕ ಹೋಗಿ, ತಲೆಯ ಮೇಲೆ ಜೋಳದ ಗಂಟು ಹೊತ್ತು ತಿರುಗಿ ಬರುತ್ತಿದ್ದಳು. ಮೈಯೆಲ್ಲ ಧೂಳು. ನಾನು ಕೂಗಾಡಿದೆ.

“ಸೂಜಿ ಆದಾವ್ರು ಇಷ್ಟ ಮಂದಿ ಇದ್ದೇವಿ. ನನಗರ ಹೇಳಬೇಕಿಲ್ಲ?”

“ನಿನ್ನ ತಲೀ ಮ್ಯಾಲ ಗಂಟ ನಿಂದರತೈತೇನ ಬೇ?” ಎಂದಳು. ಗಂಟು ಇಳಿಸಿ, ಸೆರಗು ಕೊಡವಿ ಬೀಸುಕಲ್ಲಿಗೆ ಕೂತಳು. ಸೂಜಿ ಮಾಡಿಸಿಕೊಂಡ ಮೂವರು ಗಂಡಸರಿದ್ದ ಮನೆ ಅದು. ಆ ಹೊತ್ತು ಮೂವರೂ ಕಣದಲ್ಲಿದ್ದರು, ನಿಜ. ಆದರೆ ಸಂಜೆ ಬಂದ ಮೇಲೂ ಜೋಳ ಎಲ್ಲಿಂದ ಬಂತೆಂದು ಒಬ್ಬರೂ ಕೇಳಲಿಲ್ಲ.

ಆಮೇಲೆ ಎರಡು ದಿನ ಅವಳು ಬಡಿದಳು, ನಾನು ಬೀಸಿದೆ. ಇಬ್ಬರೂ ಬಹಳ ಮಾತಾಡಿದೆವು. ತವರಿಗೆ ಹೋದ ಮೇಲೆ ಮೊದಲು ಬಾವಿಯ ನೀರಲ್ಲಿ ತಲೆ ಎರೆದುಕೊಳ್ಳುತ್ತೇನೆ, ಆಮೇಲೆ ಮಲಗುತ್ತೇನೆ, ಯಾರು ಎಬ್ಬಿಸಿದರೂ ಏಳುವುದಿಲ್ಲ ಎಂದಳು. ರೊಟ್ಟಿಯ ರಾಶಿ ಮೊಳಕಾಲೆತ್ತರ ಆದಾಗ ಅದನ್ನು ದೊಡ್ಡ ಬುಟ್ಟಿಯಲ್ಲಿಟ್ಟು, ಬಿಳಿ ಅರಿವೆ ಮುಚ್ಚಿ, ಜೋಪಡಿಯ ತೊಲೆಗೆ ಕಟ್ಟಿದಳು. ಮರುದಿನ ಬೆಳಿಗ್ಗೆ ನಮ್ಮ ಮನೆಯವರು ಗಾಡಿ ಕಟ್ಟಿದರು. ಏರುವಾಗ ಅವಳ ಕಣ್ಣು ಕೆಂಪಾಗಿದ್ದವು. ಒಲೆಯ ಹೊಗೆ ಎಂದುಕೊಂಡೆವು.

ಮುಂದಿನದನ್ನು ನಾನು ನೋಡಿಲ್ಲ, ನಮ್ಮ ಮನೆಯವರು ಹೇಳಿದ್ದು. ದಾರಿಯಲ್ಲೇ ಅವಳಿಗೆ ಚಳಿ ಹತ್ತಿತು. ಬಬಲೇಶ್ವರ ಮುಟ್ಟುವ ಹೊತ್ತಿಗೆ ಮೈ ಕಾದ ಹಂಚಾಗಿತ್ತು. ಅಲ್ಲಿಂದ ಹೊರಡಲು ಸಾಮಾನು ಕಟ್ಟುತ್ತಿದ್ದ ಸೂಜಿ ಡಾಕ್ಟರ ಹತ್ತಿರ ಅವಳನ್ನು ಹಾಗೇ ಇಳಿಸಿದರು. ಡಾಕ್ಟರು ಮುಟ್ಟಿ ನೋಡಿ, ಕೈಯಲ್ಲಿದ್ದ ಸೂಜಿಯನ್ನು ತಿರುಗಿ ಇಟ್ಟರು. “ಜ್ವರಾ ಬಂದ ಮ್ಯಾಲ ಮಾಡಾಕ ಬರೂದಿಲ್ಲ. ತಡಾ ಆತು” ಎಂದರಂತೆ.

ಅಕ್ಕ ಮೈದುನನ ಕಡೆ ನೋಡಿ, “ಹೋಗ್ಲಿ ಬಿಡೋ, ತೋಳ ನೆಟ್ಟಗ ಉಳೀತಲ್ಲ” ಎಂದಳಂತೆ. ನಮ್ಮ ಮನೆಯವರು ಇದನ್ನು ನನಗೆ ಹೇಳಿ ಮುಖ ಮುಚ್ಚಿಕೊಂಡರು. ಗಂಡಸು ಹಾಗೆ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಭಾವ ಬಬಲೇಶ್ವರಕ್ಕೆ ಹೋದರು. ಕೆಲವು ದಿನ ಕಳೆದು ಅಕ್ಕನನ್ನು ಮಣ್ಣು ಮಾಡಿ ಒಬ್ಬರೇ ತಿರುಗಿ ಬಂದರು. ಬಂದವರೇ ಕಣದ ಅಂಚಿಗೆ ಹೋಗಿ, ಹೊತ್ತು ಮುಳುಗುವ ತನಕ ನಮ್ಮ ಕಡೆ ಬೆನ್ನು ಮಾಡಿ ಕೂತರು.

ಸೂಜಿ ಮಾಡಿಸಿಕೊಂಡಿದ್ದರೆ ಬದುಕುತ್ತಿದ್ದಳೇ? ಇದನ್ನು ನನಗೆ ನೂರು ಜನ ಕೇಳಿದ್ದಾರೆ. ಗೊತ್ತಿಲ್ಲ. ಮಾಡಿಸಿಕೊಂಡವರಲ್ಲೂ ಹೋದವರಿದ್ದರು, ಮಾಡಿಸಿಕೊಳ್ಳದೆ ಉಳಿದವರೂ ಇದ್ದರು. ನಮ್ಮ ಜೋಪಡಿಯಲ್ಲಿ ಸೂಜಿಯಾದ ಐವರೂ ಉಳಿದೆವು, ನನಗೆ ಗೊತ್ತಿರುವುದು ಇಷ್ಟೇ. ಊರಿಗೆ ತಿರುಗಿ ಹೋದ ಮೇಲೆ ಮಾತಾಡಿಸಲು ಬಂದವರೆಲ್ಲ, ಪಾಪ, ಆಕೆಗೆ ಸೂಜಿ ಅಂದರೆ ಅಂಜಿಕೆ ಇತ್ತಂತಲ್ಲ ಎಂದರು. ಆ ಮಾತು ಎಲ್ಲಿಂದ ಹುಟ್ಟಿತೋ! ಅತ್ತೆ ಅಲ್ಲ ಎನ್ನಲಿಲ್ಲ. ಭಾವನೂ ಅನ್ನಲಿಲ್ಲ. ಅಂಜಿಕೆ ಎಂದರೆ ಎಲ್ಲರಿಗೂ ಹಗುರ. ಸತ್ತವಳ ಮೇಲೆ ಹಾಕಿದರೆ ಮುಗಿಯಿತು.

ಆದರೆ ಅವಳು ಹೋದ ಸುದ್ದಿ ಬಂದ ದಿನದ ಸಂಜೆಯನ್ನು ಹೇಳಬೇಕು. ಭಾವ ಇನ್ನೂ ಬಬಲೇಶ್ವರದಲ್ಲೇ ಇದ್ದರು. ಬೆಳಗಿನಿಂದ ಯಾರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. ಅತ್ತೆ ಬೆನ್ನು ಆನಿಸಲು ಗೋಡೆಯಿಲ್ಲದ ಜೋಪಡಿಯ ಮೂಲೆಯಲ್ಲಿ ಕೂತಿದ್ದರು. ದುಃಖ ಎಷ್ಟಿದ್ದರೂ ಉಣ್ಣಿಸುವುದು ತಪ್ಪುವುದಿಲ್ಲ. ನಾನು ತೊಲೆಯಿಂದ ಬುಟ್ಟಿ ಇಳಿಸಿ, ಅರಿವೆ ಸರಿಸಿದೆ. ಅವಳ ರೊಟ್ಟಿಗಳು ಕಾಲುಭಾಗವೂ ಮುಗಿದಿರಲಿಲ್ಲ. ಒಂದರ ಅಂಚಿಗೆ ಒಂದು ಕೂಡುವ ಹಾಗೆ ಜೋಡಿಸಿದ್ದಳು. ಮೂರು ತಾಟು ಇಟ್ಟು ರೊಟ್ಟಿ ಹಾಕಿದೆ. ಮಾವ, ನಮ್ಮ ಮನೆಯವರು ಬಂದು ಕೂತರು, ಅತ್ತೆಯನ್ನೂ ಎಳೆದು ಕೂರಿಸಿದೆ. ಯಾರೂ ಮುರಿಯಲಿಲ್ಲ. ತಾಟು ನೋಡುತ್ತ ಕೂತರು.

ಆಮೇಲೆ ಮಾವ ಎದ್ದರು. ಹೊರಗೆ ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ತಮ್ಮ ತಾಟು ಕೈಯಲ್ಲಿ ಹಿಡಿದು ಒಲೆಯ ತನಕ ಬಂದರು. ಅಲ್ಲಿಗೆ ಅವರು ಎಂದೂ ಬಂದವರಲ್ಲ. ನಾನು ಸೆರಗು ಎಳೆದುಕೊಂಡು ಎದ್ದು ನಿಂತೆ, ಅತ್ತೆ ಹೇಳಲಿ ಎಂದು ಅವರ ಕಡೆ ನೋಡಿದೆ. ಅತ್ತೆಯ ಬಾಯಿ ಏಳಲಿಲ್ಲ. ಮಾವ ನೆಲ ನೋಡುತ್ತ ನನ್ನೊಂದಿಗೇ ಮಾತಾಡಿದರು, ಮೊದಲ ಸಲ.

“ತಂಗಿ, ಈ ರೊಟ್ಟಿ ಮ್ಯಾಲ ಇಡವಾ. ಎರಡ ದಿನಾ ನುಚ್ಚ ಮಾಡು.”

ಹೂಂರಿ ಎಂದೆ.

ಜೋಳ ಒಡೆದು ಗಡಿಗೆಗೆ ಹಾಕಿದೆ. ಒಂದು ತಾಸೂ ಹಿಡಿಯಲಿಲ್ಲ. ಎಲ್ಲರೂ ಮಜ್ಜಿಗೆ ಕಲಸಿಕೊಂಡು ಉಂಡರು. ಮರುದಿನ ಕಣ ಕಾಯುತ್ತಿದ್ದ ನಮ್ಮ ವರ್ಷದ ಆಳುಗಳಿಗೂ ಗಡಿಗೆ ತುಂಬ ನುಚ್ಚೇ ಹೊತ್ತುಕೊಂಡು ಹೋದೆ. ಅವರು ಕೈ ತೊಳೆದು ಬಂದು ಸಾಲಾಗಿ ಕೂತು ಉಂಡರು, ಇನ್ನಷ್ಟು ಹಾಕಿಸಿಕೊಂಡರು. ಯಾರೂ ನಗಲಿಲ್ಲ.